ಕೌಂಟರಿನ ಎದುರು ನಿಂತವರ ಕೈಗೆ ಒಗ್ಗಬೇಕು

ಮಾರಾಟ ತಂಡಕ್ಕೆ ಎಂಥ ಸಲಕರಣೆ ಬೇಕು, ಎಷ್ಟು ನಿಯಮ ಸಾಕು ಎಂಬ ವಿಷಯವಾಗಿ ಉತ್ತರ ಕನ್ನಡದ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಾವು ಶಿರಸಿಯಲ್ಲಿ ದಿನಬಳಕೆಯ ಸಾಮಾನುಗಳ ವಿತರಕರು. ಘಟ್ಟದ ಮೇಲೆ ನಾಲ್ಕು, ಘಟ್ಟದ ಕೆಳಗೆ ಎರಡು ಲೈನ್‌ಗಳಿವೆ (ಸೇಲ್ಸ್‌ಮನ್ ಅಂಗಡಿಯಿಂದ ಅಂಗಡಿಗೆ ಸುತ್ತುವ ದಾರಿಗಳು); ಆರು ಜನ ಸೇಲ್ಸ್‌ಮನ್‌ಗಳಿದ್ದಾರೆ. ಕಳೆದ ವರ್ಷ ಒಂದು ಮೊಬೈಲ್ ಆ್ಯಪ್ ಕೊಂಡೆವು. ಅದರಲ್ಲಿ ಪ್ರತಿ ಅಂಗಡಿಗೆ 22 ಅಂಕಣ ತುಂಬಬೇಕು. ಹುಡುಗರು ಹಗಲಿನಲ್ಲಿ ಚೀಟಿಯ ಮೇಲೆ ಆರ್ಡರ್ ಬರೆದುಕೊಂಡು, ರಾತ್ರಿ ಮನೆಯಲ್ಲಿ ಕುಳಿತು ಆ್ಯಪ್‌ಗೆ ತುಂಬುತ್ತಾರೆ. ಅರ್ಧ ಮಾಹಿತಿ ತಪ್ಪಾಗಿರುತ್ತದೆ. ಇವರಲ್ಲಿ ಶಿಸ್ತು ತರುವುದು ಹೇಗೆ? (ಶಿರಸಿ)

ಉತ್ತರ: ಹಗಲೆಲ್ಲ ಅಂಗಡಿ ತಿರುಗಿ, ರಾತ್ರಿ ಊಟವಾದ ಮೇಲೂ ಕುಳಿತು ಅಂಕಣ ತುಂಬುವವರನ್ನು ಶಿಸ್ತಿಲ್ಲದವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬ ಸೇಲ್ಸ್‌ಮನ್ ದಿನಕ್ಕೆ 35 ಅಂಗಡಿಗೆ ಹೋಗುತ್ತಾನೆಂದು ಹಿಡಿದರೆ, 22 ಅಂಕಣದಂತೆ 770 ಕಡೆ ಬೆರಳಿಡಬೇಕು. ಒಂದಕ್ಕೆ ನಾಲ್ಕೇ ಸೆಕೆಂಡ್ ಎಂದುಕೊಂಡರೂ 51 ನಿಮಿಷವಾಯಿತು. ಆ ಹೊತ್ತು ಅವನಿಗೆ ಹಗಲಿನಲ್ಲಿ ಸಿಗುವುದಿಲ್ಲ, ಆದ್ದರಿಂದ ರಾತ್ರಿಗೆ ಜಾರುತ್ತದೆ. ರಾತ್ರಿ ನೆನಪಿನಿಂದ ತುಂಬಿದ್ದು ತಪ್ಪಾಗುವುದು ಸಹಜ.

ನಿಮ್ಮ ಆ್ಯಪ್ ಎಲ್ಲಿ ಕೆಲಸ ಮಾಡಬೇಕೆಂಬುದನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಜುಲೈ ತಿಂಗಳ ಒಂದು ಮಧ್ಯಾಹ್ನ, ಘಟ್ಟದ ಕೆಳಗಿನ ಹಳ್ಳಿಯ ಕಿರಾಣಿ ಅಂಗಡಿ. ಕರೆಂಟಿಲ್ಲ, ಟವರ್ ಸಿಗುವುದಿಲ್ಲ. ಅಂಗಡಿಯವರು ಒಂದು ಕೈಯಲ್ಲಿ ಸಕ್ಕರೆ ತೂಗುತ್ತ, ತಲೆಯೆತ್ತದೆಯೇ ‘ಸೋಪು ಅರ್ಧ ಪೆಟ್ಟಿಗೆ, ಶಾಂಪೂ ನಾಲ್ಕು ಸರ, ಹೋದ ಸಲದ ಬಿಸ್ಕಿಟ್ ಒಡೆದು ಬಂದಿತ್ತು ನೋಡು’ ಎಂದು ಹೇಳುತ್ತ ಹೋಗುತ್ತಾರೆ. ನಿಮ್ಮ ಹುಡುಗ ಜಗಲಿಯ ಅಂಚಿನಲ್ಲಿ ನಿಂತಿದ್ದಾನೆ, ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗಿನ ಫೋನ್. ಹೆಬ್ಬೆರಳು ಒದ್ದೆಯಾಗಿರುವುದರಿಂದ ಪರದೆ ಒತ್ತಿದಲ್ಲಿ ಒತ್ತುವುದಿಲ್ಲ. ಈ ಸ್ಥಿತಿಯಲ್ಲಿ ಅವನು ಚೀಟಿಗೆ ಮೊರೆಹೋದರೆ ಅದು ಬುದ್ಧಿವಂತಿಕೆಯೇ ಸರಿ. ಯಾವ ತಂಡಕ್ಕೆ ಆರ್ಡರ್ ಫಾರ್ಮ್ ರೂಪಿಸಿಕೊಟ್ಟರೂ ನಾನು ಮಾಡುವ ಪರೀಕ್ಷೆ ಒಂದೇ: ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ, ನೆಟ್‌ವರ್ಕ್ ಬಂದ್ ಮಾಡಿ, 12 ಸಾಮಾನಿನ ಆರ್ಡರನ್ನು ಎರಡು ನಿಮಿಷದೊಳಗೆ ದಾಖಲಿಸಲು ಸಾಧ್ಯವೇ? ಕಚೇರಿಯ ಫ್ಯಾನಿನ ಕೆಳಗೆ ಕುಳಿತು ‘ಚೆನ್ನಾಗಿದೆ’ ಎಂದು ಒಪ್ಪಿಕೊಂಡ ಆ್ಯಪ್‌ಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಈಗ ಆ 22 ಅಂಕಣಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ‘ಇದನ್ನು ಓದಿ ನಾಳೆ ಬೆಳಗ್ಗೆ ಯಾರು ಏನು ಮಾಡುತ್ತಾರೆ?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ಉತ್ತರ ಹೊಳೆಯದಿದ್ದಲ್ಲಿ ಅಂಕಣವನ್ನು ತೆಗೆದುಹಾಕಿ. ದಿನಾಂಕ, ಸೇಲ್ಸ್‌ಮನ್ ಹೆಸರು, ಅಂಗಡಿಯ ವಿಳಾಸ, ಸಾಮಾನಿನ ದರ ಇವೆಲ್ಲ ಯಂತ್ರಕ್ಕೆ ಆಗಲೇ ಗೊತ್ತಿರುವ ಸಂಗತಿಗಳು. ಅವನ್ನು ಮನುಷ್ಯನಿಂದ ಮತ್ತೆ ಬರೆಸುವುದು ಅನ್ಯಾಯ. ಕೊನೆಗೆ ಉಳಿಯುವವು ಐದು: ಅಂಗಡಿಯ ಸಂಖ್ಯೆ, ಸಾಮಾನು, ಪ್ರಮಾಣ, ನಗದೋ ಉದ್ರಿಯೋ, ಇವತ್ತು ವಸೂಲಾದ ಹಣ ಎಷ್ಟು. ಈ ಐದರಲ್ಲಿ ಆರು ಜನರಿಗೂ ಒಂದೇ ಪದ್ಧತಿ ಇರಲಿ, ಅಲ್ಲಿ ಯಾವ ಸಡಿಲಿಕೆಯೂ ಬೇಡ.

ಆರನೆಯದಾಗಿ ಒಂದು ಖಾಲಿ ಸಾಲು ಬಿಡಿ. ಅದರಲ್ಲಿ ಏನು ಬರೆಯಬೇಕೆಂಬ ನಿಯಮ ಬೇಡ. ಟೈಪ್ ಮಾಡಲು ಬೇಸರವಾದರೆ ಧ್ವನಿಯನ್ನಾದರೂ ಹಿಡಿದಿಡಲಿ. ಪ್ರತಿ ಶನಿವಾರ ಆ ಸಾಲುಗಳನ್ನು ನೀವೇ ಓದಬೇಕು, ಗುಮಾಸ್ತರಿಗೆ ಒಪ್ಪಿಸಬಾರದು. ‘ಒಡೆದ ಮಾಲು ವಾಪಸ್ ಕೇಳಿದರು’ ಎಂಬ ಮಾತು ಮೂರು ವಾರ, ಮೂವರು ಸೇಲ್ಸ್‌ಮನ್‌ಗಳ ಬರಹದಲ್ಲಿ ಮತ್ತೆ ಮತ್ತೆ ಕಂಡರೆ ಆಗ ಅದಕ್ಕೊಂದು ಪ್ರತ್ಯೇಕ ಗುಂಡಿ ಮಾಡಿಸಿ. ಅಂಕಣ ಹುಟ್ಟಬೇಕಾದದ್ದು ಹೀಗೆ, ಅಂಗಡಿಯ ಜಗಲಿಯಿಂದ. ಆರು ತಿಂಗಳು ಯಾರೂ ಓದದ ಅಂಕಣವನ್ನು ಅಷ್ಟೇ ನಿರ್ದಾಕ್ಷಿಣ್ಯವಾಗಿ ತೆಗೆಯಲೂ ಬೇಕು. ಸೇರಿಸುವವರು ಎಲ್ಲ ಕಡೆಯೂ ಇರುತ್ತಾರೆ, ತೆಗೆಯುವ ಜವಾಬ್ದಾರಿಯನ್ನು ಒಬ್ಬರ ಹೆಸರಿಗೆ ಬರೆಯದಿದ್ದರೆ ಮುಂದಿನ ವರ್ಷ ಮತ್ತೆ 22ಕ್ಕೆ ಬಂದು ನಿಲ್ಲುತ್ತೀರಿ.

ಇದೆಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ಸಂಗತಿ ಇನ್ನೊಂದಿದೆ. ಸೇಲ್ಸ್‌ಮನ್ ಬರೆದದ್ದು ಮೊದಲು ಅವನಿಗೇ ಮರಳಿ ಸಿಗಬೇಕು. ಬೆಳಗ್ಗೆ ಲೈನಿಗೆ ಹೊರಡುವ ಮೊದಲು ಅವನ ಫೋನಿನಲ್ಲಿ ಇವತ್ತಿನ ಅಂಗಡಿಗಳ ಪಟ್ಟಿ, ಪ್ರತಿ ಅಂಗಡಿಯ ಹೋದ ಸಲದ ಆರ್ಡರ್, ಬಾಕಿ ಎಷ್ಟು, ಎಷ್ಟು ದಿನದಿಂದ ಎಂಬುದು ಕಾಣುವಂತಿದ್ದರೆ, ನಿನ್ನೆಯ ವಸೂಲಿಯನ್ನು ತಪ್ಪಾಗಿ ಬರೆದವನು ಇಂದು ಅಂಗಡಿಯವರ ಎದುರು ತಾನೇ ಮುಜುಗರಪಡುತ್ತಾನೆ; ಮರುದಿನದಿಂದ ಯಾರೂ ಹೇಳದೆಯೇ ಸರಿಯಾಗಿ ಬರೆಯುತ್ತಾನೆ. ಮಾಹಿತಿಯೆಲ್ಲ ಮೇಲಕ್ಕೆ ಹೋಗಿ ಮಾಲೀಕರ ಪರದೆಯಲ್ಲಿ ಬಣ್ಣದ ಚಿತ್ರವಾಗಿ ಉಳಿದುಬಿಟ್ಟರೆ, ಬರೆಯುವವನಿಗೆ ಅದು ಕಂದಾಯ ಕಟ್ಟಿದಂತೆ. ಕನಿಷ್ಠ ಎಷ್ಟೋ ಅಷ್ಟನ್ನೇ ಕಟ್ಟುತ್ತಾನೆ.

ಉದ್ರಿಯ ನಿಯಮದ ಬಗ್ಗೆಯೂ ಒಂದು ಮಾತು. ನಿಮ್ಮ ಆ್ಯಪ್ 15 ದಿನ ಮೀರಿದ ಬಾಕಿಯಿದ್ದರೆ ಹೊಸ ಆರ್ಡರ್ ತಡೆಯುತ್ತದೆ ಎಂದೂ ಬರೆದಿದ್ದೀರಿ. ನಿಯಮ ಸರಿ, ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಒಂದೇ ಅಂಕಿ ಎಂಬುದು ಸರಿಯಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಅಡಿಕೆ ಮಾರಿ ಕೈಗೆ ಹಣ ಬಂದ ಮೇಲೆಯೇ ಗಿರಾಕಿಗಳು ಅಂಗಡಿಯ ಲೆಕ್ಕ ಚುಕ್ತಾ ಮಾಡುತ್ತಾರೆ, ಅಂಗಡಿಯವರು ನಿಮ್ಮದನ್ನು ಚುಕ್ತಾ ಮಾಡುವುದು ಅದರ ನಂತರ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ತದಡಿ, ಬೈತಖೋಲದಂಥ ಬಂದರಿನ ಸುತ್ತಲಿನ ಅಂಗಡಿಗಳಲ್ಲಿ ಆಗ ವ್ಯಾಪಾರವೇ ಅರ್ಧ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿ ಪೇಟೆಯ ಅಂಗಡಿಗೆ ವಾರದ ಮಾಲು ಒಂದೇ ದಿನಕ್ಕೆ ಬೇಕಾಗುತ್ತದೆ. ಆದ್ದರಿಂದ ಉದ್ರಿಯ ದಿನಗಳನ್ನು ಲೈನ್ ಮತ್ತು ತಿಂಗಳಿಗೆ ತಕ್ಕಂತೆ ಬದಲಿಸಲು ಬರುವ ಒಂದು ಪಟ್ಟಿ ಮಾಡಿಸಿ. ಬದಲಿಸುವ ಅಧಿಕಾರ ನಿಮ್ಮೊಬ್ಬರಿಗೇ ಇರಲಿ, ಆದರೆ ಬದಲಾದದ್ದು ಎಲ್ಲ ಸೇಲ್ಸ್‌ಮನ್‌ಗಳಿಗೂ ಅದೇ ದಿನ ಕಾಣಲಿ. ಆ್ಯಪ್ ಮಾಡಿದವರು ಇಷ್ಟನ್ನು ಮಾಡಿಕೊಡಲಾರೆವು ಎಂದರೆ, ಬೇರೆಯವರನ್ನು ಹುಡುಕುವ ಕಾಲ ಬಂದಿದೆಯೆಂದು ತಿಳಿಯಿರಿ.

ಪ್ರಶ್ನೆ: ನಾವು ಕುಮಟಾ ಹತ್ತಿರದ ಎಂಟು ಹೆಂಗಸರು ಸೇರಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲ ಶರಬತ್ತು ಮಾಡುತ್ತೇವೆ. ಇಬ್ಬರು ಸುಮಾರು 60 ಅಂಗಡಿಗಳಿಗೆ ಹೋಗಿ ಮಾಲು ಇಟ್ಟು ಬರುತ್ತಾರೆ; ಮಾರಾಟವಾದಷ್ಟಕ್ಕೆ ಹಣ. ಲೆಕ್ಕ ತಪ್ಪುತ್ತಿದೆ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು? (ಕುಮಟಾ)

ಉತ್ತರ: ಅಕ್ಕಂದಿರೇ, ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಲೆಕ್ಕ ತಪ್ಪುತ್ತಿರುವುದು ಎಲ್ಲಿ ಎಂದು ಗೊತ್ತಾಗುವ ಮೊದಲು ಕೊಂಡ ಸಾಫ್ಟ್‌ವೇರ್, ಅದೇ ತಪ್ಪನ್ನು ಇನ್ನಷ್ಟು ಬೇಗ ಮಾಡಿಕೊಡುತ್ತದೆ.

ಇಟ್ಟು ಬಂದ ಮಾಲಿಗೆ ಲೆಕ್ಕ ಸರಳವಾಗಿಯೇ ಇದೆ: ಹೋದ ಸಲ ಇಟ್ಟದ್ದು, ಈಗ ಅಂಗಡಿಯಲ್ಲಿ ಉಳಿದದ್ದು, ಹಾಳಾಗಿ ವಾಪಸ್ ತಂದದ್ದು. ಮೊದಲಿನದರಿಂದ ಉಳಿದೆರಡನ್ನು ಕಳೆದರೆ ಮಾರಾಟವಾದದ್ದು ಬರುತ್ತದೆ, ಅಷ್ಟಕ್ಕೆ ಹಣ. ಹಪ್ಪಳದ 40 ಕಟ್ಟು ಇಟ್ಟಿದ್ದು, 11 ಉಳಿದು, 2 ಮೆತ್ತಗಾಗಿ ವಾಪಸ್ ಬಂದಿದ್ದರೆ 27 ಕಟ್ಟಿನ ಹಣ ಬರಬೇಕು. ಅಂಗಡಿಯವರು ಬಾಯಲ್ಲಿ ಹೇಳಿದ ‘ಇಪ್ಪತ್ತೈದು ಹೋಯಿತು’ ಎಂಬುದನ್ನು ಬರೆಯಬಾರದು. ಉಳಿದದ್ದನ್ನು ಕೈಯಾರೆ ಎಣಿಸಿ ಬರೆಯಬೇಕು. ಅಂಗಡಿಯವರ ಮೇಲೆ ಸಂಶಯಪಟ್ಟು ಈ ಮಾತು ಹೇಳುತ್ತಿಲ್ಲ. ಗಿರಾಕಿಗಳ ಗಡಿಬಿಡಿಯಲ್ಲಿ ಅವರಿಗೂ ನೆನಪಿರುವುದಿಲ್ಲ. ಕಾರ್ಬನ್ ಹಾಳೆಯ ಎರಡು ಪ್ರತಿಯ ಚೀಟಿ ಪುಸ್ತಕ ಮಾಡಿಸಿ, ಒಂದು ಪ್ರತಿ ಅಂಗಡಿಗೆ, ಒಂದು ನಿಮಗೆ. ಇಬ್ಬರೂ ಸಹಿ ಹಾಕಲಿ. ಶರಬತ್ತು ಮತ್ತು ಉಪ್ಪಿನಕಾಯಿಯ ಚೀಟಿಯಲ್ಲಿ ತಯಾರಿಸಿದ ದಿನಾಂಕವೂ ಇರಲಿ, ಹಳೆಯದನ್ನು ಮುಂದೆ ಜೋಡಿಸಿ ಹೊಸದನ್ನು ಹಿಂದೆ ಇಡುವ ರೂಢಿ ಅದರಿಂದಲೇ ಬರುತ್ತದೆ.

60 ಅಂಗಡಿಗಳಿಗೂ 1ರಿಂದ ಸಂಖ್ಯೆ ಕೊಡಿ. ‘ಗಣೇಶ ಸ್ಟೋರ್ಸ್’ ಎಂದು ಬರೆದರೆ ಯಾವ ಊರಿನದು, ಯಾವ ಕ್ರಾಸಿನದು ಎಂಬ ಗೊಂದಲವೇ ನಿಮ್ಮ ಅರ್ಧ ತಪ್ಪಿಗೆ ಕಾರಣವಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಸಂಜೆ ಒಬ್ಬರು ಮಾತ್ರ ಆ ಚೀಟಿಗಳನ್ನು ಗೂಗಲ್ ಶೀಟ್ಸ್‌ನಂಥ ಉಚಿತ ಪಟ್ಟಿಯಲ್ಲಿ ಏರಿಸಲಿ, ಒಂದು ಚೀಟಿಯ ಒಂದು ಸಾಮಾನಿಗೆ ಒಂದು ಸಾಲು. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲೇ (ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಓದಲು ಬರುವ ಅಕ್ಷರ ಪದ್ಧತಿ) ಬರೆಯಿರಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಈ ಪದ್ಧತಿ ನಡೆಯಲಿ. ಸಂಜೆಯ ಆ ಕೆಲಸಕ್ಕೆ ಒಂದು ತಾಸು ಸಾಲದಾದ ದಿನ ಸಾಫ್ಟ್‌ವೇರಿನ ಬಗ್ಗೆ ಮತ್ತೆ ಬರೆಯಿರಿ. ಕೊಳ್ಳುವಾಗ ‘ನಮ್ಮ ಪಟ್ಟಿಯನ್ನೆಲ್ಲ ಯಾವಾಗ ಬೇಕಾದರೂ ಎಕ್ಸೆಲ್ ಕಡತವಾಗಿ ವಾಪಸ್ ತೆಗೆದುಕೊಳ್ಳಬಹುದೇ?’ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ಪ್ರಶ್ನೆ: ನಾನು ಕಾರವಾರದ ಒಂದು ಏಜೆನ್ಸಿಯಲ್ಲಿ ಸೇಲ್ಸ್‌ಮನ್. ಆ್ಯಪ್ ನಮ್ಮ ಜಾಗವನ್ನು ದಿನವಿಡೀ ಹಿಂಬಾಲಿಸುತ್ತದೆ. ಪಟ್ಟಿಯಲ್ಲಿರುವ ಕ್ರಮದಲ್ಲೇ ಅಂಗಡಿಗೆ ಹೋಗಬೇಕು, ಭೇಟಿಯ ಸಂಖ್ಯೆ ಕಡಿಮೆಯಾದರೆ ಇನ್ಸೆಂಟಿವ್ ಕಡಿತ. 2024ರಲ್ಲಿ ಶಿರೂರಿನ ಗುಡ್ಡ ಕುಸಿದು ರಸ್ತೆ ಬಂದ್ ಆದ ದಿನಗಳಲ್ಲೂ ನಮ್ಮ ಹೆಸರಿನ ಮುಂದೆ ‘ಭೇಟಿ ತಪ್ಪಿದೆ’ ಎಂದೇ ಬಂತು. ಮಾಲೀಕರಿಗೆ ಹೇಗೆ ಹೇಳುವುದು? (ಕಾರವಾರ)

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು. ಆ ಜುಲೈ 16ರ ದುರಂತ ಜೀವಗಳನ್ನೇ ತೆಗೆದುಕೊಂಡಿತು. ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಅಂಥ ಹೊತ್ತಿನಲ್ಲೂ ‘ರಸ್ತೆ ಇಲ್ಲ’ ಎಂದು ಹೇಳಲು ಆ್ಯಪ್‌ನಲ್ಲಿ ಒಂದು ಗುಂಡಿ ಇರಲಿಲ್ಲವೆಂದರೆ, ಅದನ್ನು ರೂಪಿಸಿದವರು ಈ ಜಿಲ್ಲೆಯ ಮಳೆಗಾಲವನ್ನು ನೋಡಿಲ್ಲ. ಶಿರೂರಿನಂಥದ್ದು ಅಪರೂಪ, ಆದರೆ ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಮರ ಬಿದ್ದು, ಮಣ್ಣು ಜಾರಿ ಅರ್ಧ ದಿನ ಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಮಾಲೀಕರ ಬಳಿ ಹೋಗುವಾಗ ದೂರಿನೊಂದಿಗೆ ಹೋಗಬೇಡಿ, ಒಂದು ತಿಂಗಳ ಲೆಕ್ಕದೊಂದಿಗೆ ಹೋಗಿ. ಯಾವ ಅಂಗಡಿಗೆ ಹೋದಾಗ ಎಷ್ಟು ಆರ್ಡರ್ ಬಂತು, ಎಷ್ಟು ವಸೂಲಿಯಾಯಿತು ಎಂಬುದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಭೇಟಿಯ ಸಂಖ್ಯೆ ಹೆಚ್ಚಿದ್ದ ದಿನ ವ್ಯಾಪಾರವೂ ಹೆಚ್ಚಿತ್ತೇ? ನಾನು ಹಿಂದೆ ಕೆಲಸ ಮಾಡಿದ ಒಂದು ವಿತರಣಾ ಸಂಸ್ಥೆಯಲ್ಲಿ ಭೇಟಿಯ ಸಂಖ್ಯೆಗೆ ಬಹುಮಾನವಿಟ್ಟಾಗ ಭೇಟಿಗಳು ಏರಿದವು, ವಸೂಲಿ ಇಳಿಯಿತು. ಬಾಕಿ ಕೇಳುತ್ತ ಅರ್ಧ ತಾಸು ಕುಳಿತುಕೊಳ್ಳುವ ಬದಲು ಎಲ್ಲರೂ ಬೈಕ್ ನಿಲ್ಲಿಸಿ, ಬಾಗಿಲಲ್ಲಿ ಗುಂಡಿ ಒತ್ತಿ, ಮುಂದಿನ ಅಂಗಡಿಗೆ ಹೊರಡುತ್ತಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಸಂಸ್ಥೆ ಏನನ್ನು ಎಣಿಸಿತೋ ಅದನ್ನು ಕೊಟ್ಟರು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಇದೇ ಸಂಗತಿಯನ್ನು ಗುರುತಿಸಿದ್ದರು: ಒಂದು ಅಳತೆಯನ್ನು ನಿಯಂತ್ರಣಕ್ಕೆಂದು ಬಳಸತೊಡಗಿದೊಡನೆ, ಅದು ಮೊದಲು ಅಳೆಯುತ್ತಿದ್ದುದನ್ನು ಅಳೆಯುವುದನ್ನು ಬಿಟ್ಟುಬಿಡುತ್ತದೆ.

ಮೂರು ಬದಲಾವಣೆಗಳನ್ನು ಕೇಳಿ. ಜಾಗದ ಗುರುತನ್ನು ಆರ್ಡರ್ ಅಥವಾ ವಸೂಲಿ ದಾಖಲಿಸುವ ಕ್ಷಣದಲ್ಲಿ ಮಾತ್ರ ಹಿಡಿಯಲಿ. ನೀವು ಎಲ್ಲಿ ಊಟ ಮಾಡಿದಿರಿ ಎಂಬುದರಿಂದ ಏಜೆನ್ಸಿಗೆ ಆಗಬೇಕಾದದ್ದು ಏನೂ ಇಲ್ಲ. ವಾರದಲ್ಲಿ ಯಾವ ಅಂಗಡಿಗಳು ಮುಗಿಯಬೇಕೆಂಬುದನ್ನು ಕಚೇರಿ ಗೊತ್ತುಮಾಡಲಿ, ಆ ದಿನದ ಕ್ರಮವನ್ನು ಸೇಲ್ಸ್‌ಮನ್‌ಗೆ ಬಿಡಲಿ. ಸದಾಶಿವಗಡದ ಅಂಗಡಿಯವರು ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದು ನಿಮಗೆ ಗೊತ್ತಿರುವಷ್ಟು ಆ್ಯಪ್‌ಗೆ ಗೊತ್ತಿರಲಾರದು. ಇನ್ನು, ಭೇಟಿ ಆಗದಿದ್ದರೆ ಕಾರಣ ಒತ್ತಲು ‘ಅಂಗಡಿ ಮುಚ್ಚಿದೆ’, ‘ರಸ್ತೆ ಬಂದ್’, ‘ಮಾಲೀಕರಿಲ್ಲ’ ಎಂಬ ಮೂರು ಗುಂಡಿಗಳಿರಲಿ. ಇಷ್ಟು ಕೇಳುವುದು ನಿಮ್ಮ ಸೋಮಾರಿತನವಲ್ಲ ಎಂಬುದಕ್ಕೆ ನಿಮ್ಮ ವಸೂಲಿಯ ಲೆಕ್ಕವೇ ಸಾಕ್ಷಿ ಹೇಳುತ್ತದೆ.

ಪ್ರಶ್ನೆ: ರಿಯಾಯಿತಿ ಕೊಡಲೇ ಎಂದು ಕೇಳಿ ನಮ್ಮ ಸೇಲ್ಸ್‌ಮನ್‌ಗಳು ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡುತ್ತಾರೆ. ಇದಕ್ಕೊಂದು ಅನುಮತಿ ಪದ್ಧತಿ ಸೂಚಿಸಿ. (ಯಲ್ಲಾಪುರ)

ಉತ್ತರ: ಪದ್ಧತಿ ಬೇಡ, ಮಿತಿ ಸಾಕು. ನೂರಕ್ಕೆ ಎರಡು ರೂಪಾಯಿಯವರೆಗೆ ಅಥವಾ ನಿಮಗೆ ಸರಿಕಂಡ ಅಂಕಿಯವರೆಗೆ ಸೇಲ್ಸ್‌ಮನ್ ತಾನೇ ನಿರ್ಧರಿಸಲಿ, ತಿಂಗಳಿಗೆ ಒಟ್ಟು ಇಷ್ಟು ರೂಪಾಯಿ ಎಂಬ ಮೇಲ್ಮಿತಿ ಇರಲಿ. ಅದನ್ನು ದಾಟಿದರೆ ಮಾತ್ರ ಫೋನ್. ನೀವು ಇಪ್ಪತ್ತರಲ್ಲಿ ಎಷ್ಟಕ್ಕೆ ‘ಬೇಡ’ ಎಂದಿದ್ದೀರಿ ಎಂದು ಒಂದು ವಾರ ಗುರುತು ಹಾಕಿಕೊಳ್ಳಿ. ಹದಿನೆಂಟಕ್ಕೆ ‘ಆಗಲಿ’ ಎಂದಿದ್ದರೆ ಆ ಹದಿನೆಂಟು ಕರೆಗಳ ಅಗತ್ಯವೇ ಇರಲಿಲ್ಲ.

ಪ್ರಶ್ನೆ: ನಾನು ಹೊನ್ನಾವರದಲ್ಲಿ ಸಣ್ಣ ವಿತರಕರಿಗೆ ಬಿಲ್ಲಿಂಗ್ ಮತ್ತು ಆರ್ಡರ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಒಬ್ಬೊಬ್ಬರೂ ಒಂದೊಂದು ಬದಲಾವಣೆ ಕೇಳುತ್ತಾರೆ. ಒಬ್ಬರಿಗೆ ಮಾಡಿಕೊಟ್ಟದ್ದು ಇನ್ನೊಬ್ಬರಿಗೆ ಕೆಡುತ್ತದೆ. ಎಲ್ಲರಿಗೂ ಒಗ್ಗುವಂತೆ ಮಾಡುವುದು ಹೇಗೆ? (ಹೊನ್ನಾವರ)

ಉತ್ತರ: ಬದಲಾಗುವುದನ್ನು ಪ್ರೋಗ್ರಾಮಿನ ಒಳಗೆ ಬರೆಯಬೇಡಿ, ವಿತರಕರೇ ತಿದ್ದಬಹುದಾದ ಪಟ್ಟಿಯಲ್ಲಿಡಿ. ನಿಮಗೆ ಇದು ಗೊತ್ತಿರುವ ಮಾತೇ. ಯಾವುದು ಬದಲಾಗುತ್ತದೆ ಎಂಬುದನ್ನು ಗುರುತಿಸುವುದರಲ್ಲಿ ನಾವು ಎಡವುತ್ತೇವೆ. ಜಿಎಸ್‌ಟಿಯನ್ನೇ ತೆಗೆದುಕೊಳ್ಳಿ. 2017ರ ಜುಲೈ 1ರಂದು ಅದು ಜಾರಿಗೆ ಬಂದಾಗ ಹೆಚ್ಚಿನ ಸಾಮಾನುಗಳಿಗೆ ಶೇಕಡಾ 5, 12, 18, 28 ಎಂಬ ದರಗಳಿದ್ದವು. ‘ಸೋಪಿಗೆ 18’ ಎಂದು ಒಳಗೇ ಬರೆದಿಟ್ಟವರು 2025ರ ಸೆಪ್ಟೆಂಬರ್ 22ರಂದು ಸ್ನಾನದ ಸೋಪು, ಶಾಂಪೂ, ತಲೆಯೆಣ್ಣೆ, ಟೂತ್‌ಪೇಸ್ಟ್ ಎಲ್ಲ 18ರಿಂದ 5ಕ್ಕೆ ಇಳಿದಾಗ ಪೇಚಿಗೆ ಸಿಲುಕಿದರು. ದರವನ್ನು ಪಟ್ಟಿಯಲ್ಲಿಟ್ಟಿದ್ದವರಲ್ಲೂ ಕೆಲವರಿಗೆ ಬೇರೆ ತೊಂದರೆಯಾಯಿತು: ಹಳೆಯ 18ರ ಮೇಲೆ 5 ಎಂದು ತಿದ್ದಿದೊಡನೆ, ಹಿಂದಿನ ತಿಂಗಳ ಬಿಲ್ಲನ್ನು ಮತ್ತೆ ತೆರೆದರೆ ಅದರಲ್ಲೂ 5 ಕಾಣತೊಡಗಿತು.

ಆದ್ದರಿಂದ ಯಾವ ದರವನ್ನೂ ಅಳಿಸಿ ಬರೆಯಬಾರದು. ‘ಈ ದಿನಾಂಕದಿಂದ ಇಷ್ಟು’ ಎಂಬ ಹೊಸ ಸಾಲು ಸೇರಿಸಬೇಕು, ಬಿಲ್ಲಿನ ದಿನಾಂಕಕ್ಕೆ ತಕ್ಕ ಸಾಲನ್ನು ಪ್ರೋಗ್ರಾಂ ಆರಿಸಿಕೊಳ್ಳಬೇಕು. ಮಾಲು ವಾಪಸ್ ಬಂದಾಗ ಇದರ ಬೆಲೆ ತಿಳಿಯುತ್ತದೆ: ಸೆಪ್ಟೆಂಬರ್ 10ರಂದು 18ರ ದರದಲ್ಲಿ ಮಾರಿದ ಶಾಂಪೂ ಅಕ್ಟೋಬರಿನಲ್ಲಿ ಹಿಂದಿರುಗಿದರೆ, ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ಹಣ ಅಂಗಡಿಯ ಖಾತೆಗೆ ಜಮಾ ಮಾಡುವ ಚೀಟಿ) ಮೂಲ ಬಿಲ್ಲಿನ 18ರ ದರದಲ್ಲೇ ಹೋಗಬೇಕು. ಮಾರಾಟದ ದರ, ಸ್ಕೀಮ್, ಉದ್ರಿಯ ದಿನ ಎಲ್ಲಕ್ಕೂ ಇದೇ ಕಟ್ಟುಪಾಡು ಅನ್ವಯಿಸಿ.

ಅಂಗಡಿಯ ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ‘ಹೊ-3-17’ ಎಂದರೆ ಹೊನ್ನಾವರ, ಮೂರನೆಯ ಲೈನ್, ಹದಿನೇಳನೆಯ ಅಂಗಡಿ ಎಂಬಂಥ ಅರ್ಥಗರ್ಭಿತ ಸಂಖ್ಯೆ ಮೊದಲಿಗೆ ಚೆಂದ ಕಾಣುತ್ತದೆ. ಆರು ತಿಂಗಳಲ್ಲಿ ಆ ಅಂಗಡಿ ನಾಲ್ಕನೆಯ ಲೈನಿಗೆ ಸೇರುತ್ತದೆ, ಆಗ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಬದಲಿಸಿದರೆ ಹಳೆಯ ಬಾಕಿ ಬೇರೆ ಖಾತೆಯಲ್ಲಿ ಉಳಿಯುತ್ತದೆ. ಸುಮ್ಮನೆ 417 ಎಂದು ಕೊಡಿ. ಲೈನ್, ಊರು, ಸೇಲ್ಸ್‌ಮನ್ ಇವೆಲ್ಲ ಆ 417ರ ಪಕ್ಕದಲ್ಲಿ, ತಿದ್ದಲು ಬರುವ ಅಂಕಣಗಳಾಗಿರಲಿ.

ಪ್ರಮಾಣದ ಅಳತೆಯೂ ಹಾಗೆಯೇ. ಒಬ್ಬರು ಪೆಟ್ಟಿಗೆಯಲ್ಲಿ ಆರ್ಡರ್ ಹೇಳುತ್ತಾರೆ, ಇನ್ನೊಬ್ಬರು ಡಜನ್‌ನಲ್ಲಿ, ಮತ್ತೊಬ್ಬರು ಬಿಡಿಯಾಗಿ. ಒಳಗೆ ಬಿಡಿ ಲೆಕ್ಕವನ್ನಷ್ಟೇ ಇಟ್ಟುಕೊಂಡು, ಪೆಟ್ಟಿಗೆಗೆ ಎಷ್ಟು ಎಂಬುದನ್ನು ಸಾಮಾನಿನ ಪಟ್ಟಿಯಲ್ಲಿ ಕೊಡಿ. ಕಂಪನಿ 48ರ ಪೆಟ್ಟಿಗೆಯನ್ನು 36ಕ್ಕೆ ಇಳಿಸಿದ ದಿನ ಅಲ್ಲಿಯೂ ಹೊಸ ದಿನಾಂಕದ ಸಾಲು.

ಹೊಸ ಬೇಡಿಕೆ ಬಂದಾಗ ‘ಮಾಡಿಕೊಡುತ್ತೇನೆ’ ಎನ್ನುವ ಮೊದಲು ಆ ವಿತರಕರ ಸೇಲ್ಸ್‌ಮನ್ ಜೊತೆ ಒಂದು ದಿನ ಲೈನಿಗೆ ಹೋಗಿ ಬನ್ನಿ. ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಒಂದು ಲೈನ್ ಸಾಕು. ಮಾಲೀಕರು ಕೇಳಿದ ಬದಲಾವಣೆಗೂ, ಸೇಲ್ಸ್‌ಮನ್ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀಚಿಕೊಳ್ಳುವ ಲೆಕ್ಕಕ್ಕೂ ಎಷ್ಟು ಅಂತರವಿದೆ ಎಂಬುದು ಅಲ್ಲಿ ಕಾಣುತ್ತದೆ. ಆ ಹಿಂಬದಿಯ ಗೀಚನ್ನೇ ನಿಮ್ಮ ಮುಂದಿನ ಬದಲಾವಣೆಯ ನಕ್ಷೆಯಾಗಿ ತೆಗೆದುಕೊಳ್ಳಿ.